ಹೆಂಡತಿಗೆ ಎಂಎಸ್. ಸ್ಟೆಮ್ ಸೆಲ್ ಹಾಕಿಸಿದರೆ ಮೈಲಿನ್ ಮತ್ತೆ ಬೆಳೆಯುತ್ತದೆ ಅಂತಾರೆ, ಸೈಟು ಮಾರಬಹುದಾ?

ಪೀಣ್ಯ ವೈಂಡರ್:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಎರಡನೇ ಹಂತದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನೆಂಟು ವರ್ಷ ಆಯಿತು. ಓದಿದ್ದು ಐಟಿಐ. ಡಾಕ್ಟರ ಮಾತು ಪೂರ್ತಿ ತಲೆಗೆ ಹೋಗುವುದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಹೆಂಡತಿಗೆ 36 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹೋದ ದೀಪಾವಳಿಯ ನರಕ ಚತುರ್ದಶಿ ದಿನ ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನ ಮಾಡಿದಳು. ನೀರು ಚೆನ್ನಾಗಿ ಕಾದಿತ್ತು. ಬಚ್ಚಲಿಂದ ಬಂದವಳು ಬಾಗಿಲು ಹಿಡಿದು ನಿಂತುಬಿಟ್ಟಳು. ಬಲಗಣ್ಣಿಗೆ ಮಂಜು ಕವಿದ ಹಾಗಿದೆ ಅಂದಳು. ಫ್ಯಾನ್ ಕೆಳಗೆ ಅರ್ಧ ಗಂಟೆ ಕೂತ ಮೇಲೆ ಸರಿಹೋಯಿತು. ಸೀಗೆಪುಡಿ ಕಣ್ಣಿಗೆ ಹೋಗಿರಬೇಕು ಅಂತ ನಾವು ಸುಮ್ಮನಾದೆವು.

ಆಮೇಲೆ ಒಂದು ದಿನ ಗಿರಾಕಿಯೊಬ್ಬರು ಬ್ಲೌಸ್ ವಾಪಸ್ ತಂದರು. ಮರೂನ್ ಬಟ್ಟೆಗೆ ಕಂದು ದಾರ ಹಾಕಿ ಹೊಲಿದಿದ್ದಳು. ಹದಿನೈದು ವರ್ಷದಲ್ಲಿ ಅವಳ ಕೈಯಲ್ಲಿ ಇಂಥ ತಪ್ಪು ಆಗಿದ್ದೇ ಇಲ್ಲ. ಕೆಂಪು ದಾರದ ರೀಲು ತಂದು ಅವಳ ಮುಂದೆ ಹಿಡಿದೆ. ಎಡಗಣ್ಣಲ್ಲಿ ನೋಡಿದರೆ ಕುಂಕುಮದ ಕೆಂಪು. ಬಲಗಣ್ಣಲ್ಲಿ ನೋಡಿದರೆ ಒಗೆದು ಒಗೆದು ಬಣ್ಣ ಹೋದ ಇಟ್ಟಿಗೆ ಬಣ್ಣ ಅಂದಳು. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅಲ್ಲಿಂದ ನರದ ಡಾಕ್ಟರು, ಎಂಆರ್‌ಐ, ಬೆನ್ನಿನ ನೀರು ತೆಗೆದು ಟೆಸ್ಟು. ಕೊನೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಅಂದರು. ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಕಣ್ಣು ಮುಕ್ಕಾಲು ಪಾಲು ಬಂದಿದೆ.

ನನಗೆ ಅರ್ಥವಾಗಿದ್ದು ಇಷ್ಟು. ನರದ ಎಳೆಯ ಮೇಲೆ ಮೈಲಿನ್ ಅಂತ ಒಂದು ಕೊಬ್ಬಿನ ಹೊದಿಕೆ ಇರುತ್ತದೆ. ಅವಳ ಮೈಯ ರೋಗ ತಡೆಯೋ ಶಕ್ತಿಯೇ ದಾರಿ ತಪ್ಪಿ ಅದನ್ನು ಕಿತ್ತು ಹಾಕುತ್ತಿದೆ. ನನಗೆ ತಕ್ಷಣ ಮೋಟಾರಿಗೆ ಸುತ್ತುವ, ಎನಾಮಲ್ ಲೇಪ ಇರುವ ತಾಮ್ರದ ತಂತಿ ನೆನಪಾಯಿತು. ಎನಾಮಲ್ ಎದ್ದುಹೋದರೆ ಕಾಯಿಲ್ ಕಥೆ ಏನಾಗುತ್ತದೆ ಅಂತ ನನಗೆ ಗೊತ್ತು. ಹಳೆ ತಂತಿ ಕಿತ್ತು ಹೊಸದು ಸುತ್ತುತ್ತೇವೆ, ವಾರ್ನಿಷ್ ಕುಡಿಸಿ ಒಣಗಿಸುತ್ತೇವೆ. ಮಿದುಳಿಗೆ ಅದು ಆಗುತ್ತಾ?

ಆಗುತ್ತದೆ ಅಂತ ಒಂದು ಖಾಸಗಿ ಕ್ಲಿನಿಕ್‌ನವರು ಹೇಳಿದ್ದಾರೆ. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್, ಅಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ತೆಗೆದು ಬೆನ್ನಿಗೆ ಚುಚ್ಚುತ್ತಾರಂತೆ. ಮೂರು ಸಿಟ್ಟಿಂಗ್, ಒಟ್ಟು ಏಳೂವರೆ ಲಕ್ಷ. ನೆಲಮಂಗಲದ ಹತ್ತಿರ ನಮ್ಮದೊಂದು ಮೂವತ್ತು ನಲವತ್ತರ ಸೈಟಿದೆ. ಮಗಳಿಗೆ ಅಂತ ಇಟ್ಟಿದ್ದು. ಮಾರೋಣ ಅಂದರೆ ಹೆಂಡತಿ ಒಪ್ಪುತ್ತಿಲ್ಲ. ನನಗೆ ಸೈಟು ಮುಖ್ಯ ಅಲ್ಲ, ಅವಳ ಕಣ್ಣು ಮುಖ್ಯ. ಗೊತ್ತಿರುವವರು ದಯವಿಟ್ಟು ನೇರವಾಗಿ ಹೇಳಿ.

ತುಮಕೂರಿನ ತಮ್ಮ:

ಅಣ್ಣ, ಸೈಟು ಮಾರಬೇಡಿ. ನಮ್ಮಕ್ಕನಿಗೂ ಎಂಎಸ್. ಮೂರು ವರ್ಷದ ಹಿಂದೆ ನಾವೂ ಇಂಥ ಒಂದು ಕಡೆ ಹೋಗಿದ್ದೆವು. ಎರಡು ಸಲ ಬೆನ್ನಿಗೆ ಚುಚ್ಚಿಸಿಕೊಂಡಳು, ಐದು ಲಕ್ಷ ತೊಂಬತ್ತು ಸಾವಿರ ಆಯಿತು. ವಾರಗಟ್ಟಲೆ ತಲೆನೋವು, ಎದ್ದು ಕೂರಲು ಆಗುತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಕಾಲು ಜೋಮು ಹಿಡಿದು ಎಂಎಸ್‌ನ ಹೊಸ ಅಟ್ಯಾಕ್ ಬಂತು. ಕೇಳಿದರೆ ಇನ್ನೂ ಎರಡು ಸಿಟ್ಟಿಂಗ್ ಬೇಕು ಅಂದರು. ಬಿಲ್ಲಿನಲ್ಲಿ ಸ್ಟೆಮ್ ಸೆಲ್ ಅನ್ನೋ ಪದವೇ ಇರಲಿಲ್ಲ, ಡೇ ಕೇರ್ ಅಂತ ಬರೆದಿದ್ದರು.

ದುಡ್ಡು ಹೋಗಿದ್ದಕ್ಕಿಂತ ಬೇರೆ ನೋವಿದೆ. ಆ ಏಳು ತಿಂಗಳು ಅಕ್ಕ ಡಾಕ್ಟರು ಬರೆದುಕೊಟ್ಟ ಮಾತ್ರೆ ನಿಲ್ಲಿಸಿದ್ದಳು. ಹಾಗೆ ಹೇಳಿದ್ದೂ ಆ ಚುಚ್ಚಿದವರೇ. ಈಗ ಅವಳಿಗೆ ಕೋಲು ಬೇಕು.

ಬಯಾಲಜಿ ಮೇಷ್ಟ್ರು:

ವೈಂಡರ್ ಅವರೇ, ಕೆಂಪು ದಾರದ ರೀಲು ಹಿಡಿದು ನೋಡಿದಿರಲ್ಲ, ಅದು ನರದ ಡಾಕ್ಟರು ಮಾಡುವ ಪರೀಕ್ಷೆಯೇ. ಕಣ್ಣಿನ ನರಕ್ಕೆ ಪೆಟ್ಟು ಬಿದ್ದಾಗ ಮೊದಲು ಮಂಕಾಗುವುದು ಕೆಂಪು ಬಣ್ಣ. ನೀವು ಅವತ್ತೇ ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು.

ನಾನು ಎಂಟು ವರ್ಷ ಲ್ಯಾಬಿನಲ್ಲಿ ಮಿದುಳಿನ ಕೋಶ ಬೆಳೆಸುವ ಕೆಲಸ ಮಾಡಿದವನು. ಈಗ ಯಲಹಂಕದ ಕಡೆ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ. ಆದರೆ ನೀವು ಕೇಳಿದ್ದು ನಾನು ಹತ್ತಿರದಿಂದ ನೋಡಿದ ವಿಷಯ, ಉದ್ದವಾದರೂ ಬರೆಯುತ್ತೇನೆ.

ಎನಾಮಲ್ ಹೋಲಿಕೆ ಅರ್ಧ ಸರಿ. ಎನಾಮಲ್ ಇರುವುದು ಕರೆಂಟು ಪಕ್ಕದ ಸುತ್ತಿಗೆ ಹಾರದಿರಲಿ ಅಂತ. ಮೈಲಿನ್ ಮುಖ್ಯವಾಗಿ ವೇಗಕ್ಕೆ. ಅದು ಎಳೆಯ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಸ್ವಲ್ಪ ದೂರ ಹೊದಿಕೆ, ನಡುವೆ ಸಣ್ಣ ಬರಿ ಜಾಗ, ಮತ್ತೆ ಹೊದಿಕೆ. ಸಂಕೇತ ಒಂದು ಬರಿ ಜಾಗದಿಂದ ಇನ್ನೊಂದಕ್ಕೆ ನೆಗೆದು ಹೋಗುತ್ತದೆ. ದಪ್ಪ ಮೈಲಿನ್ ಇರುವ ನರದಲ್ಲಿ ಸೆಕೆಂಡಿಗೆ 100 ಮೀಟರ್ ತನಕ ಓಡುತ್ತದೆ. ಮೈಲಿನ್ ಇಲ್ಲದ ಸಣ್ಣ ನರದಲ್ಲಿ ಸೆಕೆಂಡಿಗೆ 1 ಮೀಟರ್ ಆಸುಪಾಸು. ಹೊದಿಕೆ ಕಿತ್ತುಹೋದ ಕಡೆ ಸಂಕೇತ ತಡವರಿಸುತ್ತದೆ. ಮೈ ಬಿಸಿಯಾದರೆ ಅಲ್ಲೇ ನಿಂತೂ ಹೋಗುತ್ತದೆ. ದೀಪಾವಳಿ ದಿನ ಬಚ್ಚಲಲ್ಲಿ ಆಗಿದ್ದು ಅದೇ. ಜರ್ಮನಿಯ ಕಣ್ಣಿನ ಡಾಕ್ಟರ್ ವಿಲ್ಹೆಲ್ಮ್ ಉಥಾಫ್ ಇದನ್ನು 1890ರಲ್ಲೇ ಬರೆದಿದ್ದರು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆ ಪತ್ತೆ ಮಾಡುತ್ತಿದ್ದರು.

ವಾರ್ನಿಷ್ ಮಾತಿಗೆ ಬರುತ್ತೇನೆ. ವಾರ್ನಿಷ್ ಮೇಲಿಂದ ಸುರಿಯುವ ವಸ್ತು. ಮೈಲಿನ್ ಒಂದು ಜೀವಂತ ಕೋಶದ ಮೈಯೇ. ಆ ಕೋಶದ ಹೆಸರು ಆಲಿಗೋಡೆಂಡ್ರೋಸೈಟ್. ಕಾಯಿಲ್ ತುದಿಗೆ ನೀವು ಕಾಟನ್ ಟೇಪು ಸುತ್ತುತ್ತೀರಲ್ಲ, ಹಾಗೆ ಅದು ತನ್ನ ತೋಳಿನ ತುದಿಯನ್ನೇ ತೆಳ್ಳಗೆ ಮಾಡಿ ನರದ ಎಳೆಗೆ ಸುತ್ತುತ್ತದೆ. ಒಂದೇ ಕೋಶ ಹತ್ತಾರು ಎಳೆಗಳಿಗೆ ಸುತ್ತುತ್ತದೆ. ನಾನು ಇದನ್ನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಧ್ಯಾಹ್ನದ ಊಟ ಮರೆತಿದ್ದೆ. ನಡುವೆ ಒಂದು ಸಣ್ಣ ಚುಕ್ಕಿ, ಸುತ್ತ ಎಲ್ಲ ದಿಕ್ಕಿಗೂ ಎಳೆ, ಎಳೆಗೆ ಮತ್ತೆ ಕವಲು. ಕಾರ್ತಿಕದ ಬೆಳಗ್ಗೆ ಇಬ್ಬನಿ ಬಿದ್ದ ಜೇಡನ ಬಲೆ ನೋಡಿದ್ದೀರಾ, ಹಾಗೆ.

ಒಂದು ಸಮಾಧಾನದ ವಿಷಯ ಇದೆ. ಈ ಕೋಶ ಆಗಬಲ್ಲ ಎಳೆಯ ಕೋಶಗಳು ದೊಡ್ಡವರ ಮಿದುಳಿನಲ್ಲೂ ಇರುತ್ತವೆ. 100 ಕೋಶದಲ್ಲಿ ಸುಮಾರು 5. ಅಟ್ಯಾಕ್ ಆದ ಜಾಗಕ್ಕೆ ಇವು ಹೋಗಿ ಹೊಸ ಹೊದಿಕೆ ಸುತ್ತಲು ನೋಡುತ್ತವೆ. ನಿಮ್ಮ ಮನೆಯವರ ಕಣ್ಣು ಮುಕ್ಕಾಲು ಪಾಲು ಬಂದಿದೆ ಅಂದಿರಲ್ಲ, ಊತ ಇಳಿದಿದ್ದರ ಜೊತೆಗೆ ಈ ರಿಪೇರಿಯ ಪಾಲೂ ಅದರಲ್ಲಿ ಇರಬಹುದು. ಆದರೆ ವಯಸ್ಸಾದ ಹಾಗೆ, ಅಟ್ಯಾಕ್ ಮೇಲೆ ಅಟ್ಯಾಕ್ ಬಿದ್ದ ಹಾಗೆ, ಈ ಶಕ್ತಿ ಕುಗ್ಗುತ್ತದೆ. ಎಂಎಸ್ ಗಾಯಗಳಲ್ಲಿ ಎಷ್ಟೋ ಸಲ ಎಳೆಯ ಕೋಶಗಳು ಇದ್ದೂ, ಬೆಳೆಯದೆ ಸುಮ್ನೆ ಕೂತಿರುತ್ತವೆ. ಕೆಲಸಗಾರರಿಗೆ ಕೊರತೆ ಇಲ್ಲ, ಕೆಲಸ ಮಾಡುವ ವಾತಾವರಣ ಇಲ್ಲ. ಹೊರಗಿಂದ ಇನ್ನಷ್ಟು ಕೋಶ ತಂದು ಸುರಿದ ಮಾತ್ರಕ್ಕೆ ಆಗುವುದಿಲ್ಲ ಅನ್ನುವುದು ಇದಕ್ಕೇ.

ಈಗ ನಿಮ್ಮ ಕ್ಲಿನಿಕ್ ವಿಷಯ. ಸ್ಟೆಮ್ ಸೆಲ್ ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಓಡಾಡುತ್ತಿವೆ. ಜನ ಮೋಸ ಹೋಗುವುದು ಇಲ್ಲೇ.

ಒಂದು, ರಕ್ತದ ಸ್ಟೆಮ್ ಸೆಲ್. ರೋಗಿಯದೇ ಸೆಲ್ ತೆಗೆದಿಟ್ಟು, ಕೀಮೋ ಕೊಟ್ಟು ದಾರಿ ತಪ್ಪಿದ ರೋಗ ನಿರೋಧಕ ವ್ಯವಸ್ಥೆಯನ್ನು ಅಳಿಸಿ, ತೆಗೆದಿಟ್ಟಿದ್ದನ್ನು ವಾಪಸ್ ಹಾಕುತ್ತಾರೆ. ಇದಕ್ಕೆ ಗಟ್ಟಿ ಪುರಾವೆ ಇದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 110 ಜನ ಇದ್ದರು. ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ 3 ಜನರಿಗೆ ಕಾಯಿಲೆ ಮುಂದುವರಿಯಿತು, ಔಷಧಿ ಗುಂಪಿನಲ್ಲಿ 34 ಜನರಿಗೆ. ಆದರೆ ಇದು ಹುಡುಗಾಟ ಅಲ್ಲ. ಕೆನಡಾದಲ್ಲಿ ಇನ್ನೂ ಜೋರಾದ ಕೀಮೋ ಕೊಟ್ಟು 24 ಜನರಿಗೆ ಮಾಡಿದಾಗ ಒಬ್ಬರು ತೀರಿಕೊಂಡರು. ಔಷಧಿಗೆ ಬಗ್ಗದೆ ಪದೇ ಪದೇ ಅಟ್ಯಾಕ್ ಬರುವವರಿಗೆ ಇದನ್ನು ಯೋಚಿಸುತ್ತಾರೆ. ಇನ್ನೊಂದು ಮಾತು, ಇದು ಮೈಲಿನ್ ಹಾಕುವುದಿಲ್ಲ, ಕೀಳುವವರನ್ನು ನಿಲ್ಲಿಸುತ್ತದೆ ಅಷ್ಟೇ.

ಎರಡನೆಯದು ನಿಮಗೆ ಮಾರಲು ಬಂದಿರುವುದು. ಮೂಳೆ ಮಜ್ಜೆ ಅಥವಾ ಹೊಟ್ಟೆಯ ಕೊಬ್ಬಿನಿಂದ ತೆಗೆಯುವ ಮೀಸೆಂಕೈಮಲ್ ಸೆಲ್. ಇದರ ಸಹಜ ಗುಣ ಮೂಳೆ, ಕೊಬ್ಬು, ಮೃದ್ವಸ್ಥಿ ಆಗುವುದು. ಮಿದುಳಿಗೆ ಹೋಗಿ ಆಲಿಗೋಡೆಂಡ್ರೋಸೈಟ್ ಆಗಿ ಸುತ್ತುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಉರಿಯೂತ ತಗ್ಗಿಸಬಹುದು ಅನ್ನೋ ಆಸೆಯಿಂದ ಮಜ್ಜೆಯ ಸೆಲ್ ಅನ್ನು ರಕ್ತನಾಳದ ಮೂಲಕ ಕೊಟ್ಟು 144 ಎಂಎಸ್ ರೋಗಿಗಳಲ್ಲಿ ಪ್ರಯೋಗ ಮಾಡಿದರು, ಫಲಿತಾಂಶ 2021ರಲ್ಲಿ ಬಂತು. ಮಿದುಳಿನ ಹೊಸ ಗಾಯಗಳು ಕಡಿಮೆ ಆಗಲಿಲ್ಲ.

ಮೂರನೆಯದೇ ನೀವು ನಿಜವಾಗಿ ಕೇಳುತ್ತಿರುವುದು. ಮೈಲಿನ್ ಸುತ್ತಬಲ್ಲ ಮಿದುಳಿನ ಎಳೆಯ ಕೋಶಗಳನ್ನೇ ನೆಡುವುದು. ಇದು ಕಥೆ ಅಲ್ಲ. ಶಿವರರ್ ಅಂತ ಒಂದು ಜಾತಿಯ ಇಲಿ ಇದೆ. ಸರಿಯಾದ ಮೈಲಿನ್ ಕಟ್ಟುವುದಿಲ್ಲ, ಯಾವಾಗಲೂ ನಡುಗುತ್ತಿರುತ್ತದೆ, ಬೇಗ ಸಾಯುತ್ತದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸ್ಟೀವನ್ ಗೋಲ್ಡ್‌ಮನ್ ತಂಡ ಆ ಮರಿಗಳ ಮಿದುಳಿಗೆ ಮನುಷ್ಯರ ಎಳೆಯ ಕೋಶ ನೆಟ್ಟರು. ಕೋಶಗಳು ಮಿದುಳಿನ ತುಂಬ ಹರಡಿ ಮೈಲಿನ್ ಸುತ್ತಿದವು, ಕೆಲವು ಇಲಿಗಳು ಬದುಕುಳಿದವು. 2008ರ ಕೆಲಸ ಅದು. ಓದಿದ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅದೇ ಮಾತಾಡಿದ್ದೆವು.

ಮನುಷ್ಯರಲ್ಲೂ ಹೆಜ್ಜೆ ಇಟ್ಟಿದ್ದಾರೆ. ಪೆಲಿಜಿಯಸ್ ಮೆರ್ಜ್‌ಬಾಕರ್ ಅನ್ನೋ ಕಾಯಿಲೆಯಲ್ಲಿ ಗಂಡು ಮಕ್ಕಳು ಹುಟ್ಟಿನಿಂದಲೇ ಮೈಲಿನ್ ಕಟ್ಟಲಾರರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥ ನಾಲ್ಕು ಹುಡುಗರ ಮಿದುಳಿಗೆ ನರದ ಸ್ಟೆಮ್ ಸೆಲ್ ಹಾಕಿದರು. 2012ರ ವರದಿಯಲ್ಲಿ, ಸೆಲ್ ಹಾಕಿದ ಜಾಗದಲ್ಲಿ ಮೈಲಿನ್ ಬಂದಿರಬಹುದು ಅನ್ನೋ ಗುರುತು ಎಂಆರ್‌ಐನಲ್ಲಿ ಕಂಡಿತ್ತು. ಬರೀ ನಾಲ್ಕು ಮಕ್ಕಳು, ಹೋಲಿಸಿ ನೋಡಲು ಬೇರೆ ಗುಂಪಿಲ್ಲ, ಅವರೂ ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ಎಂಎಸ್ ವಿಷಯದಲ್ಲಿ ಇಟಲಿಯ ಮಿಲಾನ್‌ನ ಸ್ಯಾನ್ ರಫೇಲೆ ಆಸ್ಪತ್ರೆಯವರು 12 ರೋಗಿಗಳಿಗೆ ಬೆನ್ನಿನ ಮೂಲಕ ನರದ ಎಳೆಯ ಕೋಶ ಕೊಟ್ಟು 2023ರಲ್ಲಿ ವರದಿ ಮಾಡಿದರು. ದೊಡ್ಡ ಅಪಾಯ ಕಾಣಲಿಲ್ಲ. ಜಾಸ್ತಿ ಡೋಸ್ ತೆಗೆದುಕೊಂಡವರ ಮಿದುಳು ಸೊರಗುವುದು ಕಡಿಮೆ ಇತ್ತು. ಕಾಯಿಲೆ ವಾಸಿಯಾಯಿತು ಅಂತ ಅವರು ಎಲ್ಲೂ ಹೇಳಿಲ್ಲ. ಈ ದಾರಿ ಇನ್ನೂ ಅಷ್ಟೇ ದೂರ ಬಂದಿರುವುದು. ಏಳೂವರೆ ಲಕ್ಷಕ್ಕೆ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಸಿಗುವ ಸಾಮಾನು ಅದಲ್ಲ.

ನಿಯಮ ಏನು ಹೇಳುತ್ತದೆ ಅಂತಲೂ ತಿಳಿದಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಒಪ್ಪಿಗೆ ಸಿಕ್ಕಿರುವ ಕೆಲವು ಕಾಯಿಲೆಗಳಿಗೆ ರಕ್ತದ ಸ್ಟೆಮ್ ಸೆಲ್ ಬಿಟ್ಟರೆ, ಉಳಿದಿದ್ದೆಲ್ಲ ಇನ್ನೂ ಪ್ರಯೋಗ. ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು. ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಅವರನ್ನು ಕೇಳಿ: ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಪಟ್ಟಿ) ನೋಂದಣಿ ನಂಬರ್ ಕೊಡಿ, ಎಥಿಕ್ಸ್ ಕಮಿಟಿ ಪತ್ರ ತೋರಿಸಿ, ಸಿಡಿಎಸ್‌ಸಿಒ (ಕೇಂದ್ರದ ಔಷಧಿ ನಿಯಂತ್ರಣ ಸಂಸ್ಥೆ) ಅನುಮತಿ ತೋರಿಸಿ. ನಂಬರ್ ಒಂದೇ ಇದ್ದರೆ ಸಾಲದು, ಮೂರೂ ಬೇಕು.

ಪೀಣ್ಯ ವೈಂಡರ್:

ಮೇಷ್ಟ್ರೇ, ಎರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಕೆಲಸಗಾರರಿದ್ದಾರೆ, ವಾತಾವರಣ ಇಲ್ಲ ಅಂದಿರಲ್ಲ, ಅದು ಅವಳಿಗೆ ಬಹಳ ಹಿಡಿಸಿತು. ಒಂದು ಸಂದೇಹ ಉಳಿದಿದೆ. ಅವರದೇ ಮೈಯ ಸೆಲ್, ಅಡ್ಡ ಪರಿಣಾಮ ಇರುವುದಿಲ್ಲ ಅಂತ ಕ್ಲಿನಿಕ್‌ನವರು ಒತ್ತಿ ಒತ್ತಿ ಹೇಳಿದರು. ಲಾಭ ಆಗದಿದ್ದರೂ ನಷ್ಟ ಇಲ್ಲ ಅಂದರು. ನಿಜವಾ? ಇನ್ನೊಂದು, ನಮ್ಮ ಕೆಲಸದಲ್ಲಿ ಮೆಗ್ಗರ್ ಹಾಕಿದರೆ ಇನ್ಸುಲೇಷನ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಮೈಲಿನ್‌ಗೆ ಅಂಥ ಮೀಟರ್ ಇದೆಯಾ?

ಬಯಾಲಜಿ ಮೇಷ್ಟ್ರು:

ನಷ್ಟ ಇಲ್ಲ ಅನ್ನುವುದು ಸುಳ್ಳು. ಬೆನ್ನಿಗೆ ಪ್ರತಿ ಸಲ ಚುಚ್ಚಿದಾಗಲೂ ಸೋಂಕಿನ ಭಯ ಇದೆ. ತುಮಕೂರಿನವರು ಬರೆದಿದ್ದಾರಲ್ಲ, ನಡೆಯುತ್ತಿರುವ ಔಷಧಿ ನಿಲ್ಲಿಸಿದರೆ ಅದೇ ದೊಡ್ಡ ನಷ್ಟ. ಬೇರೆಯವರ ಸೆಲ್ ಆದರೆ ಇನ್ನೂ ಭಯ. ಇಸ್ರೇಲಿನ ಒಬ್ಬ ಹುಡುಗನಿಗೆ ಬೇರೊಂದು ನರದ ಕಾಯಿಲೆ ಇತ್ತು. ಮಾಸ್ಕೋಗೆ ಕರೆದುಕೊಂಡು ಹೋಗಿ ಭ್ರೂಣದ ನರಕೋಶ ಹಾಕಿಸಿದರು. ಕೆಲವು ವರ್ಷದ ಮೇಲೆ ಅವನ ಮಿದುಳು ಮತ್ತು ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆಯಿತು. ಪರೀಕ್ಷೆ ಮಾಡಿದರೆ ಆ ಗೆಡ್ಡೆ ಅವನದಲ್ಲ, ದಾನಿಗಳ ಕೋಶದ್ದು. 2009ರಲ್ಲಿ ಪ್ರಕಟವಾದ ವರದಿ ಇದು. ಬೆಳೆಯುವ ಶಕ್ತಿ ಇರುವ ಕೋಶ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವ ಹಾಗೆ ನೋಡಿಕೊಳ್ಳುವುದೇ ಈ ವಿದ್ಯೆಯ ಕಷ್ಟದ ಭಾಗ.

ಮೀಟರ್ ಇದೆ, ಕಣ್ಣಿನ ನರಕ್ಕೆ. ವಿಇಪಿ ಅಂತಾರೆ. ಟಿವಿ ಪರದೆ ಮೇಲೆ ಕಪ್ಪು ಬಿಳಿ ಚೌಕಗಳು ಅದಲು ಬದಲು ಆಗುತ್ತಿರುತ್ತವೆ. ತಲೆಯ ಹಿಂದೆ ಅಂಟಿಸಿದ ತಂತಿ ಸಂಕೇತ ಹಿಡಿಯುತ್ತದೆ. ಸರಿ ಇರುವ ಕಣ್ಣಿಂದ ಸುಮಾರು 100 ಮಿಲಿಸೆಕೆಂಡಿಗೆ ಬರುತ್ತದೆ. ಮೈಲಿನ್ ಹೋಗಿದ್ದರೆ ತಡ ಆಗುತ್ತದೆ. ಕ್ಲೆಮಾಸ್ಟಿನ್ ಅನ್ನೋ ಹಳೆಯ ಅಲರ್ಜಿ ಮಾತ್ರೆ ಎಳೆಯ ಕೋಶಗಳನ್ನು ಎಬ್ಬಿಸುತ್ತಾ ಅಂತ 50 ಜನರ ಮೇಲೆ ನೋಡಿದ್ದೂ ಇದೇ ಅಳತೆಯಿಂದ. 2017ರ ಆ ಫಲಿತಾಂಶದಲ್ಲಿ ತಡ 1.7 ಮಿಲಿಸೆಕೆಂಡ್ ಕಡಿಮೆಯಾಗಿತ್ತು. ಸಣ್ಣದು, ಆದರೆ ಹಳೆಯ ಗಾಯವೂ ಸ್ವಲ್ಪ ರಿಪೇರಿ ಆಗಬಲ್ಲದು ಅನ್ನೋ ಸುಳಿವು. ದಯವಿಟ್ಟು ಮೆಡಿಕಲ್ ಸ್ಟೋರಿಗೆ ಹೋಗಿ ಆ ಮಾತ್ರೆ ಕೇಳಬೇಡಿ. ಆಮೇಲಿನ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಕಾಯಿಲೆ ಜೋರಾಗಿ, ಅದನ್ನು ನಿಲ್ಲಿಸಬೇಕಾಯಿತು.

ಮಲ್ಲೇಶ್ವರದ ಅಕ್ಕ:

ನನಗೆ ಎಂಎಸ್ ಬಂದು ಹದಿನಾಲ್ಕು ವರ್ಷ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಹದಿನೆಂಟನೇ ಕ್ರಾಸಿನ ತನಕ ನಡೆದು ಹೋಗಿ ತರಕಾರಿ ತರುತ್ತೇನೆ. ಇದನ್ನು ನಿಮ್ಮ ಹೆಂಡತಿಗೆ ಓದಿ ಹೇಳಿ ತಮ್ಮ.

ನೀವು ಬರೆದಿದ್ದರಲ್ಲಿ ಒಂದು ವಿಷಯ ಇಲ್ಲ. ಸ್ಟೀರಾಯ್ಡ್ ಆದ ಮೇಲೆ ಅಟ್ಯಾಕ್ ತಡೆಯುವ ಔಷಧಿ ಶುರು ಮಾಡಿದ್ದಾರಾ? ಸ್ಟೀರಾಯ್ಡ್ ಊತ ಇಳಿಸುತ್ತದೆ, ಮುಂದಿನ ಅಟ್ಯಾಕ್ ತಡೆಯಲ್ಲ. ಶುರುವಾಗಿಲ್ಲ ಅಂದರೆ ನಾಳೆಯೇ ಹೋಗಿ ಕೇಳಿ. ನಾನು ಮೊದಲ ಮೂರು ವರ್ಷ ಇಂಜೆಕ್ಷನ್‌ಗೆ ಹೆದರಿ ಮುಂದೂಡಿದೆ. ನನ್ನ ಎಡಗಾಲು ಆಗ ಹೋಗಿದ್ದು ಪೂರ್ತಿ ವಾಪಸ್ ಬರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಳ್ಳುತ್ತೇನೆ, ಆರು ವರ್ಷದಿಂದ ಹೊಸ ಗಾಯ ಇಲ್ಲ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಎರಡನೇ ಅಭಿಪ್ರಾಯ ಬೇಕಿದ್ದರೆ ನಿಮ್ಹಾನ್ಸ್ ಇದೆ. ಬೆಳಗ್ಗೆ ಬೇಗ ಹೋಗಿ, ಎಂಆರ್‌ಐ ಸಿಡಿ, ಫಿಲ್ಮ್ ಎರಡೂ ತೆಗೆದುಕೊಂಡು ಹೋಗಿ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಎಂಎಸ್ ಸೇರಿದೆ. ಮುಂದೆ ಬೇಕಾದರೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ ಸಾಕು. ಹಬ್ಬದ ದಿನವೂ ಅಷ್ಟೇ, ಎಣ್ಣೆ ಹಚ್ಚಿಕೊಳ್ಳಲಿ, ನೀರು ಮಾತ್ರ ಜಾಸ್ತಿ ಬಿಸಿ ಬೇಡ. ಏಪ್ರಿಲ್‌ನಲ್ಲಿ ಶೀಟಿನ ಮನೆಯಲ್ಲಿ ಮಧ್ಯಾಹ್ನ ಮಷಿನ್ ತುಳಿಯಬೇಡಿ ಅನ್ನಿ. ಬೆಳಗ್ಗೆ ಹೊಲಿಯಲಿ, ಕುತ್ತಿಗೆಗೆ ಒದ್ದೆ ಟವೆಲ್ ಇರಲಿ. ಬಿಸಿಗೆ ಕಣ್ಣು ಮಂಕಾದರೆ ಗಾಬರಿ ಬೇಡ, ತಂಪಾದ ಮೇಲೆ ಬರುತ್ತದೆ. ಒಂದು ದಿನ ಕಳೆದರೂ ಬರದಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ. ದಾರದ ಡಬ್ಬಿ ಮೇಲೆ ಬಣ್ಣದ ಹೆಸರು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಕೊಡಿ. ಯಾರನ್ನೂ ಕೇಳದೆ ಕೆಲಸ ಮಾಡುವುದು ಎಷ್ಟು ಧೈರ್ಯ ಕೊಡುತ್ತದೆ ಅಂತ ನನಗೆ ಗೊತ್ತು.

ಪೀಣ್ಯ ವೈಂಡರ್:

ಅಕ್ಕ, ಔಷಧಿ ಶುರುವಾಗಿರಲಿಲ್ಲ. ಡಾಕ್ಟರು ಬರೆದುಕೊಟ್ಟಿದ್ದರು. ಸ್ಟೆಮ್ ಸೆಲ್ ಆದ ಮೇಲೆ ಬೇಕಾಗಲ್ಲ ಅಂತ ಕ್ಲಿನಿಕ್‌ನವರು ಅಂದಿದ್ದಕ್ಕೆ ನಾನೇ ತಡ ಮಾಡಿದ್ದೆ. ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಮೇಷ್ಟ್ರು ಹೇಳಿದ ಮೂರು ಕಾಗದ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ. ಮೊದಲು ಬನ್ನಿ, ಎದುರು ಕೂತು ಮಾತಾಡೋಣ ಅಂದರು. ವಾಟ್ಸಾಪ್ ಮಾಡಿ ಅಂದೆ. ಇವತ್ತಿಗೆ ಒಂಬತ್ತು ದಿನ, ಬಂದಿಲ್ಲ. ಸೈಟಿನ ಕಾಗದ ಬ್ರೋಕರ್ ಹತ್ತಿರ ಕೊಟ್ಟಿದ್ದೆ, ವಾಪಸ್ ತಂದೆ.

ಸೋಮವಾರ ಅವಳಿಗೆ ಮೊದಲ ಡ್ರಿಪ್ ಆಯಿತು. ಐದು ಗಂಟೆ ಹಿಡಿಯಿತು. ಗಂಟಲು ಸ್ವಲ್ಪ ಕೆರೆತ ಬಂತು, ನರ್ಸ್ ನಿಧಾನ ಮಾಡಿದ ಮೇಲೆ ಸರಿಹೋಯಿತು. ವಿಇಪಿ ಕೂಡ ಮಾಡಿಸಿದೆವು. ಎಡಗಣ್ಣು 102, ಬಲಗಣ್ಣು 131. ನಾನು ಆ ಎರಡು ನಂಬರ್ ಅಂಗಡಿಯ ಡೈರಿಯಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದೇನೆ. ಆರು ತಿಂಗಳಿಗೆ ಮತ್ತೆ ನೋಡೋಣ ಅಂದಿದ್ದಾರೆ.

ನಿನ್ನೆ ರಾತ್ರಿ ಮಗಳೂ ನಾನೂ ಕೂತು ದಾರದ ಡಬ್ಬಿಗೆ ಚೀಟಿ ಅಂಟಿಸಿದೆವು. ಅರವತ್ತೆಂಟು ರೀಲು. ಮರೂನ್‌ಗೂ ಕಂದಿಗೂ ನಡುವೆ ಇನ್ನೊಂದು ಬಣ್ಣ ಇತ್ತು, ನಮ್ಮಿಬ್ಬರಿಗೂ ಹೆಸರು ಗೊತ್ತಾಗಲಿಲ್ಲ. ಅವಳೇ ಎಡಗಣ್ಣಲ್ಲಿ ನೋಡಿ ಹೇಳಿದಳು, ಅಡಿಕೆ ಬಣ್ಣ ಅಂತ ಬರಿ ಅಂದಳು. ಬರೆದೆವು.